ಬಿಸಿಲ ನಾಡಿನಲ್ಲಿ ಮನೆ ಕಟ್ಟುವಾಗ: ಮೊದಲು ಮಾಳಿಗೆ, ಆಮೇಲೆ ಗೋಡೆ

ವಿಜಯಪುರದಲ್ಲಿ ಮನೆ ಕಟ್ಟಲು ಹೊರಟವರು ಮೊದಲು ಕೇಳುವ ಪ್ರಶ್ನೆ ಗೋಡೆಯದ್ದು. ಕೆಂಪು ಇಟ್ಟಂಗಿ ಹಾಕೋಣವಾ, ಬೂದಿ ಇಟ್ಟಂಗಿ ಹಾಕೋಣವಾ, ಗಾಳಿಗುಳ್ಳೆ ತುಂಬಿದ ಹಗುರ ಕಾಂಕ್ರೀಟಿನ ಎಎಸಿ ಬ್ಲಾಕ್ ತರಿಸೋಣವಾ? ಎರಡನೇ ಪ್ರಶ್ನೆ ಎಲಿವೇಶನ್, ಅಂದರೆ ಮನೆಯ ಮುಂಭಾಗದ ಅಂದ. ಮಾಳಿಗೆಯ, ಅಂದರೆ ಮನೆಯ ಮೇಲಿನ ಸಪಾಟು ಚಾವಣಿಯ ಬಗ್ಗೆ ಹೆಚ್ಚಿನವರು ಕೇಳುವುದೇ ಇಲ್ಲ. ಸ್ಲ್ಯಾಬ್ ಅಂದರೆ ಸ್ಲ್ಯಾಬ್, ಅದರಲ್ಲಿ ಆರಿಸಲು ಏನಿದೆ ಅಂತ ಬಿಟ್ಟುಬಿಡುತ್ತಾರೆ.

ಆದರೆ ನಮ್ಮ ಬೇಸಿಗೆ ಮನೆಯೊಳಗೆ ಬರುವುದು ಮುಖ್ಯವಾಗಿ ಮೇಲಿನಿಂದ. ವಿಜಯಪುರ ಸುಮಾರು 17 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ. ಮೇ ತಿಂಗಳ ಮೊದಲ ಭಾಗದಲ್ಲಿ ಮಧ್ಯಾಹ್ನದ ಸೂರ್ಯ ಇಲ್ಲಿ ನೆಟ್ಟಗೆ ನೆತ್ತಿಯ ಮೇಲೆ ನಿಲ್ಲುತ್ತಾನೆ. ಉಷ್ಣಾಂಶ 40 ಡಿಗ್ರಿ ದಾಟುವ ಆ ದಿನಗಳಲ್ಲಿ ದಕ್ಷಿಣದ ಗೋಡೆಗೆ ಬಿಸಿಲು ತಾಗುವುದೇ ಇಲ್ಲ ಅನ್ನಬಹುದು. ಪೂರ್ವ, ಪಶ್ಚಿಮದ ಗೋಡೆಗಳಿಗೆ ಅರ್ಧರ್ಧ ದಿನ. ಮಾಳಿಗೆಗೆ ಮಾತ್ರ ಬೆಳಗಿನಿಂದ ಸಂಜೆಯವರೆಗೆ. ಗೋಡೆಗೆ ಎಷ್ಟೇ ಖರ್ಚು ಮಾಡಿ, ಮಾಳಿಗೆ ಬರಿ ಸ್ಲ್ಯಾಬ್ ಆಗಿಯೇ ಉಳಿದರೆ ರಾತ್ರಿ ಹನ್ನೊಂದಕ್ಕೂ ಮಲಗುವ ಕೋಣೆ ಕಾಯುತ್ತಲೇ ಇರುತ್ತದೆ. ಅದಕ್ಕೇ ಹೋಲಿಕೆಯನ್ನು ಮೇಲಿನಿಂದ ಶುರು ಮಾಡುತ್ತೇನೆ.

ಮಾಳಿಗೆ: ಹಳೆಯದು, ಹೊಸದು, ನಡುವಿನದು

ನಮ್ಮ ಹಳ್ಳಿಗಳ ಹಳೆಯ ಮಣ್ಣಿನ ಮಾಳಿಗೆ ಮನೆಗೆ ಬೇಸಿಗೆಯಲ್ಲಿ ಕಾಲಿಟ್ಟವರಿಗೆ ಗೊತ್ತು, ಹೊಸ್ತಿಲು ದಾಟಿದ ಕೂಡಲೇ ಮೈಗೆ ತಂಪು ತಾಗುತ್ತದೆ. ತೊಲೆ, ಜಂತಿ, ಅದರ ಮೇಲೆ ಕಟ್ಟಿಗೆಯ ಹಾಸು, ಅದರ ಮೇಲೆ ದಪ್ಪ ಮಣ್ಣು. ಗೋಡೆ ಎರಡಡಿಗೆ ಹತ್ತಿರ. ನೆತ್ತಿಯಲ್ಲಿ ಒಂದು ಬೆಳಕಿಂಡಿ. ದಪ್ಪ ಮಣ್ಣನ್ನು ದಾಟಿ ಬಿಸಿ ಒಳಗೆ ಇಳಿಯುವಷ್ಟರಲ್ಲಿ ರಾತ್ರಿಯಾಗಿರುತ್ತದೆ, ಹೊರಗಿನ ಗಾಳಿ ತಣ್ಣಗಾಗಿರುತ್ತದೆ. ಆಲಮಟ್ಟಿ ಹಿನ್ನೀರಿನಿಂದಾಗಿ ಹಳೆ ಬಾಗಲಕೋಟೆ ಬಿಟ್ಟು ನವನಗರಕ್ಕೆ ಬಂದ ಹಿರಿಯರನ್ನು ಕೇಳಿ ನೋಡಿ. ದಪ್ಪ ಗೋಡೆಯ ಮನೆಗೂ ಸ್ಲ್ಯಾಬ್ ಮನೆಗೂ ಇರುವ ವ್ಯತ್ಯಾಸವನ್ನು ಅವರಿಗಿಂತ ಚೆನ್ನಾಗಿ ಯಾರೂ ಹೇಳಲಾರರು.

ಹಾಗಂತ ಈಗ ಮಣ್ಣಿನ ಮಾಳಿಗೆಯನ್ನೇ ಹಾಕಿ ಅಂತ ನಾನು ಹೇಳುವುದಿಲ್ಲ. ಮಳೆಗಾಲಕ್ಕೆ ಮುಂಚೆ ಪ್ರತಿ ವರ್ಷ ಅದಕ್ಕೆ ಆರೈಕೆ ಬೇಕು. ತೊಲೆಗೆ ಗೆದ್ದಲು ಹತ್ತುತ್ತದೆ. ಆ ಕೆಲಸ ಬಲ್ಲ ಕೈಗಳು ಕಡಿಮೆಯಾಗಿವೆ, ಒಳ್ಳೆಯ ಕಟ್ಟಿಗೆ ಕೈಗೆ ಎಟುಕುವುದಿಲ್ಲ. ಇನ್ನೊಂದು ದೊಡ್ಡ ಕಾರಣ ನೀರು. 2019ರ ಆಗಸ್ಟ್‌ ಪ್ರವಾಹದಲ್ಲಿ ಬೆಳಗಾವಿ, ಬಾಗಲಕೋಟೆ ಜಿಲ್ಲೆಗಳ ಊರುಗಳಲ್ಲಿ ಮಣ್ಣಿನ ಗೋಡೆಗಳು ನೆನೆದು ಕುಸಿದವು. ಕೃಷ್ಣಾ, ಘಟಪ್ರಭಾ, ಮಲಪ್ರಭಾ ದಂಡೆಯ ತಗ್ಗಿನಲ್ಲಿ ನಿಮ್ಮ ಜಾಗ ಇದ್ದರೆ ಮಣ್ಣಿನ ಮನೆಯ ಆಸೆ ಬಿಡುವುದೇ ಒಳ್ಳೆಯದು.

ಹಾಗಾದರೆ ಸ್ಲ್ಯಾಬ್ ಹಾಕಿ, ಅದರ ಬಿಸಿ ತಗ್ಗಿಸುವ ದಾರಿ ಹುಡುಕಬೇಕು. ಅಗ್ಗದ ದಾರಿ ಸುಣ್ಣ. ಸುಣ್ಣಕ್ಕೆ ಸ್ವಲ್ಪ ಅಂಟು ಸೇರಿಸಿ ಮಾಳಿಗೆಗೆ ಎರಡು ಮೂರು ಸಲ ಬಳಿದರೆ ಬಿಸಿಲಿನ ಬಹುಭಾಗ ವಾಪಸ್ ಹೋಗುತ್ತದೆ. ಇದನ್ನು ಪ್ರತಿ ವರ್ಷ ಶಿವರಾತ್ರಿ ಆಸುಪಾಸಿಗೆ ಮತ್ತೆ ಬಳಿಯಬೇಕು, ಅಷ್ಟೇ. ಅಂಗಡಿಯ ಬಿಳಿ ಕೂಲ್ ರೂಫ್ ಬಣ್ಣ ಕೆಲವು ವರ್ಷ ಬಾಳುತ್ತದೆ. ಆದರೆ ನಮ್ಮ ಧೂಳಿಗೆ ಅದೂ ಮಂಕಾಗುತ್ತದೆ. ಬೇಸಿಗೆ ಶುರುವಾಗುವಾಗ ಒಮ್ಮೆ ತೊಳೆಯದಿದ್ದರೆ ದುಬಾರಿ ಬಣ್ಣ ಹಚ್ಚಿಯೂ ಪ್ರಯೋಜನವಿಲ್ಲ. ಬಹಳ ಕಾಲ ಬಾಳುವುದು ಬಿಳಿ ಟೈಲ್ಸ್ ಚೂರುಗಳ ಚೈನಾ ಮೊಸಾಯಿಕ್. ಖರ್ಚು ಜಾಸ್ತಿ, ಆದರೆ ಸೋರಿಕೆ ತಡೆಯುವ ಕೆಲಸವೂ ಅದರಲ್ಲೇ ಆಗುತ್ತದೆ. ಇಳಿಜಾರು ಸರಿಯಾಗಿ ಕೊಟ್ಟಿರಬೇಕು. ನೀರು ನಿಂತರೆ ಎರಡೂ ಹಾಳು.

ಇನ್ನೊಂದು ಆಯ್ಕೆ ಸ್ಲ್ಯಾಬ್ ಮೇಲೆ ಎರಡು ಇಂಚಿನ ಫೋಮ್ ಹಲಗೆ ಹಾಸಿ, ಅದರ ಮೇಲೆ ಸಿಮೆಂಟ್ ಪದರ ಹಾಕುವುದು. ಹಗಲಿನ ಬಿಸಿ ತಡೆಯಲು ಇದು ಸುಣ್ಣಕ್ಕಿಂತ ಬಲವಾದದ್ದು. ಆದರೆ ರಾತ್ರಿ ಮಾಳಿಗೆ ಆಕಾಶಕ್ಕೆ ಬಿಸಿ ಬಿಡುವುದನ್ನೂ ಅದು ತಡೆಯುತ್ತದೆ. ಎಸಿ ಹಾಕುವ ಮನೆಗೆ ಫೋಮ್ ಲೆಕ್ಕ ಸರಿ. ಕಿಟಕಿ ತೆರೆದು, ಫ್ಯಾನು ಕೂಲರ್‌ನಲ್ಲಿ ಬೇಸಿಗೆ ಕಳೆಯುವ ಮನೆಗೆ ಬಿಳಿ ಮಾಳಿಗೆ ಸಾಕು ಅನ್ನುವುದು ನನ್ನ ಅಭಿಪ್ರಾಯ. ವಿಜಯಪುರ ಕಡೆ ಬೇಸಿಗೆ ರಾತ್ರಿ ಜನ ಮಾಳಿಗೆಯ ಮೇಲೆ ಮಲಗುವುದು ಸುಮ್ನೆ ಅಲ್ಲ. ನಮ್ಮ ಒಣ ಹವೆಯಲ್ಲಿ ಹಗಲಿಗೂ ರಾತ್ರಿಗೂ ಅಷ್ಟು ವ್ಯತ್ಯಾಸ ಇದೆ. ಮನೆ ಅದನ್ನು ಬಳಸಿಕೊಳ್ಳಬೇಕು.

ಈಗ ಊರಲ್ಲೆಲ್ಲ ಮಾಳಿಗೆಯ ಮೇಲೆ ಪತ್ರಾಸ್, ಅಂದರೆ ತಗಡಿನ ಶೆಡ್ ಹಾಕುತ್ತಿದ್ದಾರೆ. ನೋಡಲು ಚಂದ ಅಲ್ಲ ಅಂತ ಆರ್ಕಿಟೆಕ್ಟ್‌ಗಳು ಮುಖ ಸಿಂಡರಿಸುತ್ತಾರೆ. ಆದರೆ ಅದರ ವಿಜ್ಞಾನ ಸರಿ ಇದೆ. ಸ್ಲ್ಯಾಬ್‌ಗೆ ನೆರಳು ಬೀಳುತ್ತದೆ, ನಡುವೆ ಗಾಳಿ ಆಡುತ್ತದೆ. ಗಾಳಿಮಳೆಗೆ ಹಾರದಂತೆ ಕಾಲುಗಳನ್ನು ಗಟ್ಟಿಯಾಗಿ ಕೂರಿಸಬೇಕು ಅಷ್ಟೇ. ಮುಂದೆ ಸೋಲಾರ್ ಹಾಕುವ ಯೋಚನೆ ಇದ್ದರೆ ಪತ್ರಾಸ್ ಬದಲು ಪ್ಯಾನೆಲ್‌ಗಳನ್ನೇ ತಲೆ ತಾಗದಷ್ಟು ಎತ್ತರಕ್ಕೆ ಕೂರಿಸಿ. ಕರೆಂಟೂ ಬಂತು, ನೆರಳೂ ಬಂತು.

ಬೆಳಗಾವಿ ಕಡೆಯ ಲೆಕ್ಕ ಬೇರೆ. ಅಲ್ಲಿ ಮಳೆ ವಿಜಯಪುರದ ಎರಡರಷ್ಟು. ಖಾನಾಪುರ ದಾಟಿ ಘಟ್ಟದ ಕಡೆ ಹೋದಂತೆ ಇನ್ನೂ ಎಷ್ಟೋ ಜಾಸ್ತಿ. ಇಳಿಜಾರು ಹಂಚಿನ ಮನೆ ಅಲ್ಲಿ ಇವತ್ತಿಗೂ ಒಳ್ಳೆಯ ಆಯ್ಕೆ. ಬಿಸಿ ಗಾಳಿ ಹಂಚಿನ ಸಂದಿಯಿಂದ ಹೋಗುತ್ತದೆ, ನೀರು ನಿಲ್ಲುವುದಿಲ್ಲ. ಹಳೆಯ ಹಂಚೂ ಚೆನ್ನಾಗಿದ್ದರೆ ಮತ್ತೆ ಬಳಸಬಹುದು. ಅದೇ ಹಂಚನ್ನು ವಿಜಯಪುರಕ್ಕೆ ತಂದರೆ ಧೂಳು ಒಳಗೆ ಬರುತ್ತದೆ, ಮಾಳಿಗೆಯೂ ಇರುವುದಿಲ್ಲ. ಮಾಳಿಗೆ ಇಲ್ಲದೆ ಹಪ್ಪಳ ಸಂಡಿಗೆ ಎಲ್ಲಿ ಒಣಗಿಸುವುದು?

ಫಿಲ್ಲರ್ ಸ್ಲ್ಯಾಬ್ ಬಗ್ಗೆಯೂ ಒಂದು ಮಾತು. ಸ್ಲ್ಯಾಬ್‌ನ ಕೆಳಭಾಗದಲ್ಲಿ ಕಾಂಕ್ರೀಟ್ ಕೆಲಸ ಮಾಡದ ಕಡೆ ಹಂಚುಗಳನ್ನು ಇಟ್ಟು ಸಿಮೆಂಟ್ ಉಳಿಸುವ ವಿಧಾನ ಇದು. ಸಿಮೆಂಟ್, ಕಬ್ಬಿಣ ಎರಡೂ ಉಳಿಯುತ್ತವೆ, ಒಳಗಿನಿಂದ ನೋಡಲೂ ಚಂದ. ಆದರೆ ಮನೆ ತಂಪಾಗಲಿ ಅಂತಲೇ ಹಾಕುವುದಾದರೆ ನಿರಾಸೆ ಆಗಬಹುದು. ತಂಪಿಗೆ ಮೇಲಿನ ಬಿಳಿ ಪದರವೇ ಮುಖ್ಯ. ಮೊದಲು ಈ ಕೆಲಸ ಮಾಡಿರುವ ಗೌಂಡಿ ಸಿಕ್ಕರೆ ಮಾತ್ರ ಕೈ ಹಾಕಿ.

ಗೋಡೆ: ನಿಮ್ಮ ಊರಿನ ಹತ್ತಿರ ಏನಿದೆ ನೋಡಿ

ಪಶ್ಚಿಮದ ಗೋಡೆಯನ್ನು ಬೇರೆಯಾಗಿ, ಉಳಿದ ಮೂರನ್ನು ಬೇರೆಯಾಗಿ ಯೋಚಿಸಬೇಕು. ಒಂಬತ್ತು ಇಂಚಿನ ಇಟ್ಟಂಗಿ ಗೋಡೆಯ ಹೊರಮೈಗೆ ಬಿದ್ದ ಬಿಸಿ ಒಳಮೈಗೆ ಬರಲು ಆರೇಳು ತಾಸು ಬೇಕು. ಸಂಜೆ ನಾಲ್ಕರ ಬಿಸಿಲು ಒಳಗೆ ಬರುವುದು ರಾತ್ರಿ ಹತ್ತು ಹನ್ನೊಂದಕ್ಕೆ, ಅಂದರೆ ಸರಿಯಾಗಿ ಮಲಗುವ ಹೊತ್ತಿಗೆ. ಇಲ್ಲಿ ವಾಸ್ತುವಿನ ಒಂದು ತೊಡಕು ಇದೆ. ಯಜಮಾನನ ಕೋಣೆ ನೈರುತ್ಯಕ್ಕೆ ಇರಬೇಕು ಅನ್ನುತ್ತಾರೆ. ನಮ್ಮಲ್ಲಿ ಪಶ್ಚಿಮದ ಬಿಸಿಲು ತಾಗುವ ಬಿಸಿ ಮೂಲೆಗಳಲ್ಲಿ ಅದೂ ಒಂದು. ವಾಸ್ತು ಬಿಡಲು ಮನಸ್ಸಿಲ್ಲದಿದ್ದರೆ ಬಿಡಬೇಡಿ, ಆದರೆ ಆ ಗೋಡೆಗೆ ಒಂದು ರಕ್ಷೆ ಕೊಡಿ. ಹೊರಗೆ ಬಾಲ್ಕನಿ ಬರಲಿ, ಇಲ್ಲವೇ ಒಳಗೆ ಗೋಡೆಯುದ್ದಕ್ಕೂ ಕಪಾಟು ಬರಲಿ. ಮೆಟ್ಟಿಲು, ಬಚ್ಚಲು, ಸಾಮಾನು ಕೋಣೆ ಇವೆಲ್ಲ ಪಶ್ಚಿಮಕ್ಕೆ ಸಾಲಾಗಿ ಬಂದರೆ ಅವೇ ಬಿಸಿ ಹೀರಿಕೊಳ್ಳುತ್ತವೆ. ಅಜ್ಜ, ಅಜ್ಜಿಯ ಕೋಣೆ ಮಾತ್ರ ಕೆಳಗೆ, ಉತ್ತರ ಅಥವಾ ಈಶಾನ್ಯದ ಕಡೆ ಇರಲಿ. ಹಗಲೆಲ್ಲ ಮನೆಯಲ್ಲಿ ಇರುವವರು ಅವರೇ.

ಈಗ ವಸ್ತುಗಳು. ಸುಟ್ಟ ಇಟ್ಟಂಗಿ ಎಲ್ಲ ಗೌಂಡಿಗಳಿಗೂ ಪರಿಚಿತ, ಗಿಲಾವು ಚೆನ್ನಾಗಿ ಹಿಡಿಯುತ್ತದೆ. ಅದರ ದೋಷ ಹೊಲದ ಮೇಲ್ಮಣ್ಣು ಹೋಗುತ್ತದೆ, ಸುಡಲು ಉರುವಲು ಬೇಕು. ವಿಜಯಪುರ ಜಿಲ್ಲೆಯಲ್ಲಿ ಇದಕ್ಕೆ ಒಳ್ಳೆಯ ಬದಲಿ ಬೂದಿ ಇಟ್ಟಂಗಿ. ಕೂಡಗಿಯಲ್ಲಿ ಎನ್‌ಟಿಪಿಸಿಯ 2400 ಮೆಗಾವ್ಯಾಟ್‌ನ ಕಲ್ಲಿದ್ದಲು ವಿದ್ಯುತ್ ಸ್ಥಾವರ ಇದೆ, ಹಾರುಬೂದಿ ನಮ್ಮ ಮನೆ ಬಾಗಿಲಲ್ಲೇ ಹುಟ್ಟುತ್ತದೆ. ಈ ಇಟ್ಟಂಗಿಯನ್ನು ಸುಡಬೇಕಿಲ್ಲ. ಅಳತೆ ಒಂದೇ ಸಮ ಇರುವುದರಿಂದ ಗಿಲಾವೂ ತೆಳ್ಳಗೆ ಸಾಕು. ಆದರೆ ಎಲ್ಲ ಘಟಕಗಳ ಮಾಲು ಒಂದೇ ಥರ ಇರುವುದಿಲ್ಲ. ಒಂದು ಇಟ್ಟಂಗಿಯನ್ನು ಒಣಗಿದ್ದಾಗ ತೂಗಿ, 24 ತಾಸು ನೀರಲ್ಲಿ ಇಟ್ಟು ಮತ್ತೆ ತೂಗಿ. ತೂಕ ಶೇಕಡಾ 20ಕ್ಕಿಂತ ಹೆಚ್ಚಿದರೆ ಲಾರಿಯನ್ನು ವಾಪಸ್ ಕಳಿಸಿ. ಸುಟ್ಟ ಇಟ್ಟಂಗಿಗೂ ಇದೇ ಪರೀಕ್ಷೆ.

ಎಎಸಿ ಬ್ಲಾಕ್ ತುಂಬ ಹಗುರ. ಬಿಸಿ ತಡೆಯುವುದರಲ್ಲಿ ಇಟ್ಟಂಗಿಗಿಂತ ಎಷ್ಟೋ ಮೇಲು. ಎರಡು ಮೂರು ಅಂತಸ್ತಿನ ಕಾಲಂ ಕಟ್ಟಡಕ್ಕೆ ಭಾರ ತಗ್ಗಿ ಕಬ್ಬಿಣ ಉಳಿಯುತ್ತದೆ. ಒಂದೇ ಅಂತಸ್ತಿನ ಮನೆಗೆ ಆ ಉಳಿತಾಯ ಅಷ್ಟಾಗಿ ಕಾಣುವುದಿಲ್ಲ. ಇದನ್ನು ಅದರದ್ದೇ ಅಂಟಿನಲ್ಲಿ, ತೆಳ್ಳಗಿನ ಪದರದಲ್ಲಿ ಕಟ್ಟಬೇಕು. ಗೌಂಡಿ ಮಾಮೂಲಿ ಉಸುಕು ಸಿಮೆಂಟ್ ಗಾರೆಯಲ್ಲಿ ದಪ್ಪಗೆ ಕಟ್ಟಿ, ಮೇಲೆ ಗಟ್ಟಿ ಗಿಲಾವು ಬಡಿದರೆ ಬಿರುಕು ಬಿಡುವ ಸಾಧ್ಯತೆ ಜಾಸ್ತಿ. ನನ್ನ ಸಲಹೆ ಇಷ್ಟು: ಪಶ್ಚಿಮದ ಗೋಡೆಗೂ ಮೇಲಂತಸ್ತಿಗೂ ಎಎಸಿ ಯೋಚಿಸಿ, ಉಳಿದ ಕಡೆ ಬೂದಿ ಇಟ್ಟಂಗಿ ಸಾಕು.

ಕಲ್ಲಿನ ಗೋಡೆಯ ಆಸೆ ಬಾಗಲಕೋಟೆ ಜಿಲ್ಲೆಯವರಿಗೆ ಸಹಜ. ಬಾದಾಮಿ, ಗುಳೇದಗುಡ್ಡದ ಕೆಂಪು ಮರಳುಗಲ್ಲು ಕಣ್ಣಮುಂದೆಯೇ ಇದೆ. ಕಲ್ಲು ನೂರಾರು ವರ್ಷ ಬಾಳುತ್ತದೆ, ಗಿಲಾವು ಬಣ್ಣ ಯಾವುದೂ ಬೇಡ. ಮೂರು ಮೀಟರ್ ದಪ್ಪ ಗೋಡೆಯ ಗೋಳಗುಮ್ಮಟದೊಳಗೆ ಮೇ ಮಧ್ಯಾಹ್ನ ನಿಂತವರಿಗೆ ಕಲ್ಲಿನ ದಪ್ಪ ಏನು ಮಾಡುತ್ತದೆ ಅಂತ ಬೇರೆ ಹೇಳಬೇಕಿಲ್ಲ. ಆದರೆ 30×40ರ ಜಾಗದಲ್ಲಿ ಲೆಕ್ಕ ಹಾಕಿ. 25×35 ಅಡಿಯ ಮನೆಯ ಸುತ್ತಳತೆ 120 ಅಡಿ. ಒಂಬತ್ತು ಇಂಚಿನ ಗೋಡೆಯ ಬದಲು ಹದಿನೆಂಟು ಇಂಚಿನ ಕಲ್ಲು ಬಂದರೆ ಸುಮಾರು 90 ಚದರಡಿ ಗೋಡೆಗೇ ಹೋಗುತ್ತದೆ. ಅದು ಒಂದು ಚಿಕ್ಕ ಕೋಣೆ. ಪಶ್ಚಿಮದ ಒಂದೇ ಗೋಡೆಯನ್ನು ಕಲ್ಲಿನಲ್ಲಿ ಕಟ್ಟಿದರೆ ಹೋಗುವುದು ಸುಮಾರು 20ರಿಂದ 25 ಚದರಡಿ, ಮುಖ್ಯ ಲಾಭ ಕೈಗೆ ಬರುತ್ತದೆ. ಹೊಲದಲ್ಲಿ ಮನೆ ಕಟ್ಟುವವರಿಗೆ ಜಾಗದ ಚಿಂತೆ ಇಲ್ಲ, ಅವರು ಪೂರ್ತಿ ಕಲ್ಲಿನಲ್ಲೇ ಕಟ್ಟಲಿ.

ಬೆಳಗಾವಿ, ಖಾನಾಪುರದವರಿಗೆ ಚಿರೇಕಲ್ಲು ಹತ್ತಿರ. ಅಲ್ಲಿ ಅದೇ ಸರಿ. ಅದನ್ನೇ ಲಾರಿಯಲ್ಲಿ 200 ಕಿ.ಮೀ. ದೂರದ ವಿಜಯಪುರಕ್ಕೆ ತರಿಸಿ ಪರಿಸರಸ್ನೇಹಿ ಮನೆ ಅನ್ನುವುದರಲ್ಲಿ ಅರ್ಥವಿಲ್ಲ.

ಒತ್ತಿದ ಮಣ್ಣಿನ ಇಟ್ಟಂಗಿಯ ಬಗ್ಗೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ದಶಕಗಳಿಂದ ಕೆಲಸ ನಡೆದಿದೆ. ಮಣ್ಣಿಗೆ ಶೇಕಡಾ 5ರಿಂದ 8 ಸಿಮೆಂಟ್ ಸೇರಿಸಿ ಯಂತ್ರದಲ್ಲಿ ಒತ್ತುತ್ತಾರೆ, ಸುಡುವುದಿಲ್ಲ. ಇದಕ್ಕೆ ಉಸುಕು ಜಾಸ್ತಿ ಇರುವ ಕೆಂಪು ಮಣ್ಣು ಬೇಕು. ಎರೆಮಣ್ಣು ಇದಕ್ಕೆ ಆಗುವುದೇ ಇಲ್ಲ. ಹಾಗಾಗಿ ನಿಮ್ಮ ಜಾಗ ಎರೆ ಇದ್ದರೆ ಈ ಆಯ್ಕೆ ಇಲ್ಲಿಗೇ ಮುಗಿಯಿತು.

ಇಟ್ಟಂಗಿಯನ್ನೇ ಹಾಕುವವರಿಗೆ ರ‍್ಯಾಟ್ ಟ್ರ್ಯಾಪ್ ಕಟ್ಟುವಿಕೆ ಗೊತ್ತಿರಲಿ. ವಾಸ್ತುಶಿಲ್ಪಿ ಲಾರಿ ಬೇಕರ್ ಕೇರಳದಲ್ಲಿ ಹರಡಿದ ವಿಧಾನ ಇದು. ಇಟ್ಟಂಗಿಯನ್ನು ಅಂಚಿನ ಮೇಲೆ ನಿಲ್ಲಿಸಿ, ನಡುವೆ ಪೊಳ್ಳು ಬಿಟ್ಟು ಕಟ್ಟುತ್ತಾರೆ. ಸುಮಾರು ಕಾಲು ಭಾಗ ಇಟ್ಟಂಗಿ ಉಳಿಯುತ್ತದೆ, ಪೊಳ್ಳು ಬಿಸಿಯನ್ನೂ ತಡೆಯುತ್ತದೆ. ಕರೆಂಟಿನ ಪೈಪು ಎಲ್ಲಿ ಬರಬೇಕು ಅನ್ನುವುದು ಮೊದಲೇ ತೀರ್ಮಾನವಾಗಿರಬೇಕು. ಆಮೇಲೆ ಗೋಡೆ ಕೊರೆಯಲು ಹೋದರೆ ತೊಂದರೆ.

ಎರೆಭೂಮಿಯ ಪಾಯ

ಇದರಲ್ಲಿ ಉಳಿತಾಯದ ಮಾತೇ ಬೇಡ. ಎರೆಮಣ್ಣು ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಬಿರಿಯುತ್ತದೆ. ಮನೆ ಅದರ ಜೊತೆ ಏಳುತ್ತ ಇಳಿಯುತ್ತ ಗೋಡೆ ಸೀಳುತ್ತದೆ. ನಾಲ್ಕೈದು ಅಡಿಗೆ ಗರಸು, ಅಂದರೆ ಗಟ್ಟಿ ಗರಸು ಮಣ್ಣು (ಮೊರಂ) ಸಿಕ್ಕರೆ ಅಲ್ಲಿಯವರೆಗೆ ಅಗೆದು, ಗರಸಿನ ಮೇಲೆ ಕಾಲಂ ಪಾಯ ಕೂರಿಸುವುದು ಸರಳ. ಎರೆ ಹತ್ತು ಹನ್ನೆರಡು ಅಡಿ ಇಳಿದಿದ್ದರೆ ಅಂಡರ್ ರೀಮ್ಡ್ ಪೈಲ್ ಒಳ್ಳೆಯದು. ರೂರ್ಕಿಯ ಕೇಂದ್ರೀಯ ಕಟ್ಟಡ ಸಂಶೋಧನಾ ಸಂಸ್ಥೆ ಇಂಥ ಮಣ್ಣಿಗೆಂದೇ ಬೆಳೆಸಿದ ವಿಧಾನ ಇದು. ಸುಮಾರು ಮೂರೂವರೆ ಮೀಟರ್ ಆಳಕ್ಕೆ ಕೊರೆದು, ತುದಿಯಲ್ಲಿ ಗಡ್ಡೆಯಂತೆ ಅಗಲ ಮಾಡಿ ಕಾಂಕ್ರೀಟ್ ತುಂಬುತ್ತಾರೆ. ಮಣ್ಣಿನ ಉಬ್ಬರ ತಗ್ಗುವ ಆಳದಲ್ಲಿ ಅದು ಹಿಡಿದುಕೊಂಡು ನಿಲ್ಲುತ್ತದೆ. ಯಾವುದು ಬೇಕು ಅನ್ನುವುದನ್ನು ಮಣ್ಣು ಪರೀಕ್ಷೆ ಹೇಳಲಿ, ಪಕ್ಕದ ಮನೆಯವರು ಬೇಡ.

ಮನೆಯ ಸುತ್ತ ಮೂರು ನಾಲ್ಕು ಅಡಿ ಫರಸಿ ಹಾಸಿ ಹೊರಕ್ಕೆ ಇಳಿಜಾರು ಕೊಡಿ. ಮಳೆನೀರು ಪಾಯದ ಬುಡಕ್ಕೆ ಹೋಗಬಾರದು. ಪಶ್ಚಿಮಕ್ಕೆ ಬೇವು, ಹೊಂಗೆ ಹಚ್ಚುವುದು ಒಳ್ಳೆಯದೇ, ಆದರೆ ಎರೆಯಲ್ಲಿ ಮರದ ಬೇರು ಪಾಯದ ತೇವ ಹೀರಿ ಬಿರುಕು ತರುತ್ತದೆ. ಮರ ಎಷ್ಟು ಎತ್ತರ ಬೆಳೆಯಬಹುದೋ ಹೆಚ್ಚುಕಡಿಮೆ ಅಷ್ಟು ದೂರ ಇರಲಿ. 30×40ರಲ್ಲಿ ಅಷ್ಟು ಜಾಗ ಎಲ್ಲಿ ಅಲ್ವಾ? ಅಂಥ ಕಡೆ ಗೋಡೆಯಿಂದ ಒಂದಡಿ ಮುಂದಕ್ಕೆ ಜಾಳಿಗೆ ಕಟ್ಟಿ ಬಳ್ಳಿ ಹಬ್ಬಿಸಿ.

ಮಳೆನೀರು: ಇಂಗಿಸುವುದಾ, ತುಂಬಿಡುವುದಾ?

ಮಳೆ ಕೊಯ್ಲು ಅಂದರೆ ಗುಂಡಿ ತೋಡಿ ಇಂಗಿಸುವುದು ಅನ್ನುವ ತಿಳಿವಳಿಕೆ ಎಲ್ಲ ಕಡೆ ಇದೆ. ಎರೆಯಲ್ಲಿ ನೀರು ಬೇಗ ಇಂಗುವುದಿಲ್ಲ. ಚಿಕ್ಕ ಜಾಗದಲ್ಲಿ ಇಂಗುಗುಂಡಿ ಪಾಯದ ಪಕ್ಕವೇ ಬರುತ್ತದೆ, ಮೇಲೆ ಹೇಳಿದ ಉಬ್ಬರಕ್ಕೆ ನೀವೇ ನೀರು ಕೊಟ್ಟಂತೆ. ನಮಗೆ ತೊಟ್ಟಿಯೇ ಸರಿ.

ಲೆಕ್ಕ ಸುಲಭ. ವಿಜಯಪುರದ ವರ್ಷದ ಮಳೆ ಸುಮಾರು 600 ಮಿಲಿಮೀಟರ್. ಸಾವಿರ ಚದರಡಿ ಮಾಳಿಗೆ ಅಂದರೆ 93 ಚದರ ಮೀಟರ್. ಒಂದು ಚದರ ಮೀಟರ್ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್. ಐದನೇ ಒಂದು ಭಾಗ ಹಾಳಾದರೂ ವರ್ಷಕ್ಕೆ 44 ಸಾವಿರ ಲೀಟರ್ ಸಿಗುತ್ತದೆ. ಐದು ಜನರಿಗೆ ಕುಡಿಯಲು, ಅಡುಗೆಗೆ ದಿನಕ್ಕೆ 25 ಲೀಟರ್ ಅಂದುಕೊಳ್ಳಿ. ವರ್ಷಕ್ಕೆ ಸುಮಾರು 9 ಸಾವಿರ. ಅಂದರೆ 10 ಸಾವಿರ ಲೀಟರ್‌ನ ಒಂದು ನೆಲತೊಟ್ಟಿ ತುಂಬಿದರೆ ಮುಂದಿನ ಮಳೆಗಾಲದವರೆಗೆ ಕುಡಿಯುವ ನೀರಿನ ಚಿಂತೆ ಇಲ್ಲ. ಎರೆಯಲ್ಲಿ ತೊಟ್ಟಿ ಆರ್‌ಸಿಸಿಯದ್ದೇ ಇರಬೇಕು, ಇಟ್ಟಂಗಿಯದ್ದು ಸೀಳುತ್ತದೆ. ಮೊದಲ ಮಳೆಯ ನೀರು ಹೊರಗೆ ಹೋಗುವಂತೆ ಒಂದು ವಾಲ್ವ್, ಆಮೇಲೆ ಖಡಿ ಉಸುಕಿನ ಸೋಸು, ತೊಟ್ಟಿಯೊಳಗೆ ಬೆಳಕು ಹೋಗದಂತೆ ಮುಚ್ಚಳ. ಮಾಳಿಗೆಗೆ ಬಿಳಿ ಬಣ್ಣ ಬಳಿಯುವವರು ಕುಡಿಯುವ ನೀರಿಗೆ ಆಗುವಂಥದ್ದು ಕೇಳಿ ತನ್ನಿ.

ಸೋಲಾರ್: ನಿಮ್ಮ ಬಿಲ್ ನೋಡಿ ತೀರ್ಮಾನಿಸಿ

ನೀರು ಕಾಯಿಸುವ ಸೋಲಾರ್ ಎಲ್ಲರಿಗೂ ಬೇಕು. ಬೋರ್‌ವೆಲ್ ನೀರು ಗಡಸಿದ್ದರೆ ತಾಮ್ರದ ನಳಿಗೆಯ ಫ್ಲ್ಯಾಟ್ ಪ್ಲೇಟ್ ಬದಲು ಗಾಜಿನ ಕೊಳವೆಯದ್ದು ಆರಿಸಿ. ಸುಣ್ಣ ಕಟ್ಟಿದರೆ ತೊಳೆಯುವುದು ಸುಲಭ.

ಕರೆಂಟಿನ ಸೋಲಾರ್ ವಿಷಯ ಬೇರೆ. 2024ರಲ್ಲಿ ಶುರುವಾದ ಪಿಎಂ ಸೂರ್ಯಘರ್ ಯೋಜನೆಯಲ್ಲಿ ಒಂದು ಕಿಲೋವ್ಯಾಟ್‌ಗೆ 30 ಸಾವಿರ, ಎರಡಕ್ಕೆ 60 ಸಾವಿರ, ಮೂರು ಅಥವಾ ಹೆಚ್ಚಿಗೆ 78 ಸಾವಿರ ರೂಪಾಯಿ ಸಹಾಯಧನ ನಿಗದಿಯಾಯಿತು. ನಮ್ಮ ಬಿಸಿಲಿನಲ್ಲಿ ಒಂದು ಕಿಲೋವ್ಯಾಟ್ ದಿನಕ್ಕೆ ಸರಾಸರಿ ನಾಲ್ಕು ಯೂನಿಟ್ ಕೊಡುತ್ತದೆ, ಸುಮಾರು ನೂರು ಚದರಡಿ ಮಾಳಿಗೆ ಹಿಡಿಯುತ್ತದೆ. ಆದರೆ ಕರ್ನಾಟಕದಲ್ಲಿ 2023ರಿಂದ ಉಚಿತ ಕರೆಂಟಿನ ಗೃಹಜ್ಯೋತಿ ಯೋಜನೆ ಇದೆ. ಅದರಲ್ಲಿ 200 ಯೂನಿಟ್ ಒಳಗೆ ಪ್ರತಿ ಮನೆಗೂ ಅದರದ್ದೇ ಮಿತಿ ಇದೆ. ನಿಮ್ಮ ಬಳಕೆ ಆ ಮಿತಿಯೊಳಗೆ ಮುಗಿದು ಬಿಲ್ ಸೊನ್ನೆ ಬರುತ್ತಿದ್ದರೆ, ಸೋಲಾರ್ ದುಡ್ಡನ್ನು ಸದ್ಯಕ್ಕೆ ಮಾಳಿಗೆಯ ಮೊಸಾಯಿಕ್‌ಗೆ ಹಾಕಿ. ಎರಡು ಎಸಿ, ಬೋರ್‌ವೆಲ್ ಮೋಟಾರು, ಎಲೆಕ್ಟ್ರಿಕ್ ಸ್ಕೂಟರ್ ಇದ್ದು ಬಳಕೆ 200 ದಾಟುವ ಮನೆಗೆ ಮೂರು ಕಿಲೋವ್ಯಾಟ್ ಒಳ್ಳೆಯ ಹೂಡಿಕೆ. ಪ್ಯಾನೆಲ್ ದಕ್ಷಿಣಕ್ಕೆ ಮುಖ ಮಾಡಿ ಸುಮಾರು 15 ಡಿಗ್ರಿ ವಾಲಿರಲಿ. ಗಡಸು ನೀರಿನಲ್ಲಿ ತೊಳೆದರೆ ಗಾಜಿಗೆ ಬಿಳಿ ಕಲೆ ಕೂರುತ್ತದೆ, ಮಳೆನೀರು ಬಳಸಿ.

ಎಸಿ ಬೇಕಾ ಕೂಲರ್ ಸಾಕಾ ಅನ್ನುವುದಕ್ಕೆ ಉತ್ತರ ಒಣ ಹವೆಯಲ್ಲಿದೆ. ವಿಜಯಪುರ, ಬಾಗಲಕೋಟೆಯ ಏಪ್ರಿಲ್‌ನಲ್ಲಿ ಕೂಲರ್ ಚೆನ್ನಾಗಿ ಕೆಲಸ ಮಾಡುತ್ತದೆ. ಎದುರಿನ ಕಿಟಕಿ ತೆರೆದಿರಬೇಕು ಅಷ್ಟೇ. ಮೆಟ್ಟಿಲ ಕೋಣೆಯ ನೆತ್ತಿಯಲ್ಲಿ ಜಾಳಿಗೆ ಬಿಟ್ಟರೆ ಬಿಸಿ ಗಾಳಿ ಅಲ್ಲಿಂದ ಹೊರಹೋಗುತ್ತದೆ. ಹಳೆಯ ಬೆಳಕಿಂಡಿಯ ಕೆಲಸವನ್ನು ಈಗ ಅದೇ ಮಾಡುತ್ತದೆ.

ದುಡ್ಡು ಕಡಿಮೆ ಬಿದ್ದಾಗ

ಕಡಿಮೆ ಬೀಳುವುದು ಖಂಡಿತ. ಆಗ ಬಹಳ ಜನ ತೊಟ್ಟಿ ಬಿಟ್ಟು ಎಲಿವೇಶನ್ ಉಳಿಸಿಕೊಳ್ಳುತ್ತಾರೆ. ಉಲ್ಟಾ ಮಾಡಿ. ಎಲಿವೇಶನ್ ಟೈಲ್ಸ್, ಫಾಲ್ಸ್ ಸೀಲಿಂಗ್, ದೊಡ್ಡ ಗಾಜಿನ ಕಿಟಕಿ ಬಿಡಿ. ನೆಲಕ್ಕೆ ಹೊಳೆಯುವ ವಿಟ್ರಿಫೈಡ್ ಬದಲು ಶಹಾಬಾದ್ ಕಲ್ಲು ಹಾಕಿ, ಅಗ್ಗವೂ ಹೌದು, ಬರಿಗಾಲಿಗೆ ತಂಪೂ ಹೌದು. ಹೆಚ್ಚು ಓಡಾಟ ಇರುವ ಪಡಸಾಲೆಗೆ ಬೇಕಾದರೆ ಇಳಕಲ್ ಗ್ರಾನೈಟ್ ಇರಲಿ. ಮಕ್ಕಳಿಗೆ ಅಂತ ಈಗಲೇ ಮೇಲಂತಸ್ತು ಕಟ್ಟಬೇಡಿ. ಅದರ ಭಾರ ಹೊರುವಷ್ಟು ಪಾಯ, ಕಾಲಂ ಮಾತ್ರ ಕೊಟ್ಟಿಡಿ. ಸೋಲಾರ್ ಮುಂದೆ ಹಾಕಬಹುದು, ಆದರೆ ಮಾಳಿಗೆಯಿಂದ ಮೀಟರ್ ಬೋರ್ಡಿನವರೆಗೆ ಒಂದು ಖಾಲಿ ಪೈಪನ್ನು ಗಿಲಾವಿಗೆ ಮುಂಚೆಯೇ ಕೂರಿಸಿ. ನೀರು ಕಾಯಿಸುವ ಸೋಲಾರ್‌ಗೆ ಬಿಸಿನೀರಿನ ಪೈಪೂ ಹಾಗೆಯೇ. ಬಚ್ಚಲಿನ ನೀರು ಅಡುಗೆಮನೆಯ ನೀರಿಗೆ ಸೇರದಂತೆ ಬೇರೆ ಪೈಪಿನಲ್ಲಿ ಹೊರಗೆ ತನ್ನಿ. ಇವತ್ತು ಗಟಾರಕ್ಕೆ ಹೋದರೂ ನಾಳೆ ಬಾಳೆಗಿಡಕ್ಕೆ ತಿರುಗಿಸಬಹುದು. ಈ ಪೈಪುಗಳ ಮಾತನ್ನು ಗೌಂಡಿಯ ಜೊತೆಗಷ್ಟೇ ಅಲ್ಲ, ಪ್ಲಂಬರ್ ಮತ್ತು ಕರೆಂಟಿನವನನ್ನೂ ಕೂರಿಸಿಕೊಂಡು ಆಡಿ, ನಕ್ಷೆಯ ಮೇಲೆ ಗುರುತು ಹಾಕಿಸಿ, ಎಲ್ಲರ ಮುಂದೆಯೇ ಒಪ್ಪಂದದಲ್ಲಿ ಬರೆಸಿಕೊಳ್ಳಿ.